ಖಾಲಿ ಉಳಿದ ಎಡಗೈ

ಕಳೆದ ತಿಂಗಳು ನಮ್ಮ ಕನ್ನಡ ಉಪನ್ಯಾಸಕರು ತರಗತಿಗೆ ಬಂದು, "ಈ ಸಲದ ಕಾಲೇಜು ಪತ್ರಿಕೆಗೆ ನಿಮ್ಮನ್ನು ಕಾಡಿದ ಒಂದು ಕಥೆಯ ಬಗ್ಗೆ ಬರೆದು ಕೊಡಿ" ಎಂದರು. ಎಲ್ಲರೂ ಪಠ್ಯಪುಸ್ತಕದ ಕಥೆಗಳ ಹೆಸರು ಹೇಳತೊಡಗಿದರು. ನಾನು ಹಿಂದಿನ ಬೆಂಚಿನಿಂದ ಎದ್ದು, "ಸರ್, ಕಥೆ ಪುಸ್ತಕದಲ್ಲೇ ಇರಬೇಕಾ? ವಿಡಿಯೊ ಗೇಮ್‌ನಲ್ಲಿ ಇದ್ದರೆ ಆಗುತ್ತದಾ?" ಎಂದು ಕೇಳಿದೆ. ತರಗತಿಯೆಲ್ಲ ನಕ್ಕಿತು. ಸರ್ ನಗಲಿಲ್ಲ. "ಕಾಡಿದ್ದು ನಿಜವಾಗಿದ್ದರೆ ಬರಿ. ಸುಮ್ಮನೆ ಗುಂಡು ಹಾರಿಸಿದ್ದು, ಲೆವೆಲ್ ದಾಟಿದ್ದು ಬರೆದರೆ ವಾಪಸ್ ಕೊಡುತ್ತೇನೆ" ಎಂದರು.

ಈ ಆಟದಲ್ಲಿ ಬಂದೂಕಿಲ್ಲ, ಅಂಕವೂ ಇಲ್ಲ. ಅದರ ಹೆಸರು ‘ಬ್ರದರ್ಸ್: ಎ ಟೇಲ್ ಆಫ್ ಟು ಸನ್ಸ್’. ಸ್ವೀಡನ್ನಿನ ಸ್ಟಾರ್‌ಬ್ರೀಝ್ ಎಂಬ ಸ್ಟುಡಿಯೊ ಇದನ್ನು ಮಾಡಿ 2013ರಲ್ಲಿ ಹೊರತಂದಿತು. ಅಂದರೆ ನಾವು ಅಂಗನವಾಡಿಗೆ ಹೋಗುತ್ತಿದ್ದ ಕಾಲದ ಆಟ. ಒಂದೇ ಸಲ ಕೂತರೆ ಮೂರು, ಹೆಚ್ಚೆಂದರೆ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಅದನ್ನು ಆಡಿದ ನನಗೆ ಪರಿಚಯದ ನಾಲ್ಕು ಮಂದಿಗೆ ನಾಲ್ಕು ಅಭಿಪ್ರಾಯ. ಅವೆಲ್ಲವನ್ನೂ ಇಲ್ಲಿ ಬರೆಯುತ್ತೇನೆ, ಕೊನೆಗೆ ನನ್ನದನ್ನೂ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಆಟದ ಕೊನೆಯನ್ನು ಹೇಳದೆ ನನಗೆ ಇದನ್ನು ಬರೆಯಲು ಬರುವುದಿಲ್ಲ. ಆಡಬೇಕೆಂದು ಇಟ್ಟುಕೊಂಡವರು ಮೊದಲು ಆಡಿ, ಆಮೇಲೆ ಈ ಪುಟಕ್ಕೆ ಬನ್ನಿ.

ಕಥೆ ಬಹಳ ಸರಳ. ಒಂದು ಹಳ್ಳಿ. ಅಲ್ಲಿ ಅಪ್ಪ ಮತ್ತು ಇಬ್ಬರು ಗಂಡುಮಕ್ಕಳು. ತಾಯಿ ನೀರಿನಲ್ಲಿ ಮುಳುಗಿ ತೀರಿಕೊಂಡಿದ್ದಾಳೆ. ಕಿರಿಯ ಮಗ ಅದನ್ನು ಕಣ್ಣಾರೆ ಕಂಡವನು, ಕೈ ಹಿಡಿದು ಮೇಲೆಳೆಯಲು ಆಗದೆ ಹೋದವನು. ಅಂದಿನಿಂದ ಅವನಿಗೆ ನೀರೆಂದರೆ ಭಯ. ಈಗ ಅಪ್ಪನೂ ಹಾಸಿಗೆ ಹಿಡಿದಿದ್ದಾನೆ. ದೂರದ ಜೀವವೃಕ್ಷದ ನೀರು ತಂದರೆ ಮಾತ್ರ ಬದುಕುತ್ತಾನೆ ಎಂದು ವೈದ್ಯ ಹೇಳುತ್ತಾನೆ. ಅಣ್ಣ ತಮ್ಮ ಇಬ್ಬರೂ ಹೊರಡುತ್ತಾರೆ. ದಾರಿಯಲ್ಲಿ ದೈತ್ಯರು, ತೋಳಗಳು, ಹಕ್ಕಿಯ ತಲೆ ಮೃಗದ ಮೈಯ ಒಂದು ಪ್ರಾಣಿ. ಅಜ್ಜಿ ಹೇಳುವ ಕಥೆಗಳಲ್ಲಿ ಇರುವಂಥದ್ದೇ ಎಲ್ಲ.

ಅಣ್ಣನ ಹೆಸರು ನಾಯಾ. ತಮ್ಮನ ಹೆಸರನ್ನು ಅಣ್ಣ ಕರೆಯುವುದು ನಮ್ಮ ಕಿವಿಗೆ ಸರಿಯಾಗಿ ‘ನಾಯೀ’ ಎಂದೇ ಕೇಳುತ್ತದೆ. ಮೊದಲ ಸಲ ಕೇಳಿದಾಗ ನಾನೂ ನನ್ನ ಚಾಚಾನ ಮಗನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಣ್ಣ ಗಾಬರಿಯಿಂದ "ನಾಯೀ! ನಾಯೀ!" ಎಂದು ಕೂಗಿದಾಗಲೆಲ್ಲ ಚಾಚಾನ ಮಗ "ಬೊವ್" ಎಂದು ಉತ್ತರ ಕೊಡುತ್ತಿದ್ದ. ಎರಡು ಗಂಟೆ ಕಳೆಯುವ ಹೊತ್ತಿಗೆ ಅವನು ಉತ್ತರ ಕೊಡುವುದನ್ನು ನಿಲ್ಲಿಸಿದ್ದ. ಯಾವಾಗ ನಿಲ್ಲಿಸಿದ ಎಂಬುದು ನನಗೆ ಗೊತ್ತಾಗಲಿಲ್ಲ.

ಆಡುವ ರೀತಿಯನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನಲ್ಲಿ ಎರಡು ಹೆಬ್ಬೆರಳಿಗೆ ಎರಡು ಸ್ಟಿಕ್ ಇರುತ್ತವೆ. ಬೇರೆ ಆಟಗಳಲ್ಲಿ ಒಂದರಿಂದ ನಡೆಯುತ್ತೇವೆ, ಇನ್ನೊಂದರಿಂದ ಸುತ್ತಮುತ್ತ ನೋಡುತ್ತೇವೆ. ಇಲ್ಲಿ ಹಾಗಲ್ಲ. ಎಡಗೈಯ ಸ್ಟಿಕ್ ಅಣ್ಣನನ್ನು ನಡೆಸುತ್ತದೆ, ಬಲಗೈಯದು ತಮ್ಮನನ್ನು. ಎಡಗೈ ತೋರುಬೆರಳಿನ ಬಟನ್ ಒತ್ತಿದರೆ ಅಣ್ಣ ಕೆಲಸ ಮಾಡುತ್ತಾನೆ, ಬಲಗೈಯದನ್ನು ಒತ್ತಿದರೆ ತಮ್ಮ. ಇಬ್ಬರೂ ಒಟ್ಟಿಗೆ ನಡೆಯಬೇಕು, ಆದರೆ ಆಡುವವನು ಒಬ್ಬನೇ. ಒಂದು ಕೈಯಲ್ಲಿ ತಲೆ ತಟ್ಟುತ್ತ ಇನ್ನೊಂದು ಕೈಯಲ್ಲಿ ಹೊಟ್ಟೆ ಸವರುವ ಆಟ ಚಿಕ್ಕಂದಿನಲ್ಲಿ ಆಡಿದ್ದೀರಲ್ಲ, ಹಾಗೆಯೇ ಇದೂ. ಆರಂಭದಲ್ಲೇ ಕಾಯಿಲೆಯ ಅಪ್ಪನನ್ನು ಕೈಗಾಡಿಯಲ್ಲಿ ಮಲಗಿಸಿ ವೈದ್ಯನ ಮನೆಗೆ ತಳ್ಳಿಕೊಂಡು ಹೋಗಬೇಕು. ನಾನು ಆ ಗಾಡಿಯನ್ನು ಬೇಲಿಗೆ ಗುದ್ದಿದೆ, ಗೋಡೆಗೆ ಗುದ್ದಿದೆ. ಅಣ್ಣನನ್ನು ಎಡಕ್ಕೆ ಒಯ್ಯಲು ಹೋಗಿ ತಮ್ಮನನ್ನು ಒಯ್ದೆ. ಒಂದು ಗಂಟೆ ಆದ ಮೇಲೆ ಕೈಗಳು ತಾವಾಗಿಯೇ ಕಲಿತುಕೊಂಡವು. ಎಡಗೈ ಎಂದರೆ ಅಣ್ಣ ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ.

ಈಗ ಅಭಿಪ್ರಾಯಗಳಿಗೆ ಬರುತ್ತೇನೆ.

ಕಾಮರ್ಸ್ ವಿಭಾಗದ ನನ್ನ ಗೆಳೆಯನೊಬ್ಬ ಲೆಕ್ಕದ ಮನುಷ್ಯ. "ಬಿಡುಗಡೆಯಾದಾಗ ಇದರ ಬೆಲೆ 15 ಡಾಲರ್. ಮೂರು ಗಂಟೆಗೆ ಭಾಗಿಸು. ಗಂಟೆಗೆ 5 ಡಾಲರ್ ಬಿತ್ತು. ಅದೇ ದುಡ್ಡಿಗೆ ಐವತ್ತು ಗಂಟೆ ಆಡುವ ಆಟ ಸಿಗುತ್ತದೆ" ಎಂದ. ಅವನ ಇನ್ನೊಂದು ದೂರು, ಒಗಟುಗಳು ತೀರಾ ಸುಲಭ ಎಂಬುದು. ಅಣ್ಣ ಗಟ್ಟಿಗ, ಹಾಗಾಗಿ ಭಾರದ ಸನ್ನೆ ಎಳೆಯುತ್ತಾನೆ. ತಮ್ಮ ಸಣ್ಣವ, ಹಾಗಾಗಿ ಕಂಬಿಗಳ ನಡುವೆ ನುಸುಳುತ್ತಾನೆ. ಇಷ್ಟು ಗೊತ್ತಾದರೆ ಎಲ್ಲಿಯೂ ಸಿಕ್ಕಿಬೀಳುವುದಿಲ್ಲ. ಈ ಎರಡೂ ದೂರುಗಳನ್ನು ಆಟ ಬಂದ ದಿನದಿಂದ ಬಹಳ ಜನ ಹೇಳುತ್ತಾ ಬಂದಿದ್ದಾರೆ. ಸುಳ್ಳು ಎನ್ನಲು ನನಗೆ ಆಗುವುದಿಲ್ಲ.

ಆದರೆ ಒಂದು ವಿಷಯ ಅವನಿಗೆ ನೆನಪಿಸಿದೆ. ಸಾಮಾನ್ಯವಾಗಿ ಆಟದಲ್ಲಿ ಮುಂದೆ ಹೋದಂತೆಲ್ಲ ‘ಶಭಾಷ್’ ಎಂದು ಪದಕ ಸಿಗುತ್ತದೆ. ಈ ಆಟದಲ್ಲಿ ಕಥೆಯನ್ನು ಪೂರ್ತಿ ಮುಗಿಸಿದರೂ ಒಂದು ಪದಕ ಸಿಗುವುದಿಲ್ಲ. ಪದಕವಿರುವುದು ದಾರಿ ಬಿಟ್ಟು ಪಕ್ಕಕ್ಕೆ ಹೋಗಿ, ಕಥೆಗೆ ಬೇಕಿಲ್ಲದ ಕೆಲಸ ಮಾಡಿದವರಿಗೆ. ದಾರಿ ತಪ್ಪಿದ ಆಮೆಮರಿಗಳನ್ನು ಹೊತ್ತು ತಂದು ಸೇರಿಸಬೇಕಾದ ಒಂದು ಜಾಗವಿದೆ. ಇನ್ನೊಂದು ಕಡೆ, ಬೆಂಕಿಗೆ ಮನೆಮಂದಿಯನ್ನೆಲ್ಲ ಕಳೆದುಕೊಂಡ ಒಬ್ಬ ಮನುಷ್ಯ ಮರಕ್ಕೆ ನೇಣು ಹಾಕಿಕೊಳ್ಳುತ್ತಿರುತ್ತಾನೆ. ಒಬ್ಬ ಅವನನ್ನು ಕೆಳಗಿನಿಂದ ಎತ್ತಿ ಹಿಡಿಯಬೇಕು, ಇನ್ನೊಬ್ಬ ಮರ ಹತ್ತಿ ಹಗ್ಗ ಬಿಡಿಸಬೇಕು. ಇದು ಒಬ್ಬನಿಂದ ಆಗುವ ಕೆಲಸವಲ್ಲ. ನೋಡಿಯೂ ನೋಡದಂತೆ ಮುಂದೆ ಹೋದರೆ ಆಟ ಏನೂ ಅನ್ನುವುದಿಲ್ಲ, ಕಥೆ ಮುಂದುವರಿಯುತ್ತದೆ. "ನೀನು ಅವನನ್ನು ಇಳಿಸಿದೆಯಾ?" ಎಂದು ಕೇಳಿದೆ. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಥವನು ಒಬ್ಬ ಇದ್ದಾನೆ ಅಂತಲೇ ನನಗೆ ಗೊತ್ತಾಗಲಿಲ್ಲ. ಬೇಗ ಮುಗಿಸಬೇಕು ಅಂತ ಓಡಿಸುತ್ತಿದ್ದೆ" ಎಂದ. ಮೂರು ಗಂಟೆಯ ಆಟವನ್ನೂ ಬೇಗ ಮುಗಿಸಬೇಕು ಅನ್ನಿಸುವುದು ನಮ್ಮೆಲ್ಲರ ಕಾಯಿಲೆ. ನಾನೂ ಅದರಿಂದ ಹೊರಗಿಲ್ಲ.

ಎರಡನೆಯ ಅಭಿಪ್ರಾಯ ನನ್ನ ಆಪಾಳದು. ಅವಳು ಬಿ.ಎಡ್. ಓದುತ್ತಿದ್ದಾಳೆ. ನಾನು ಎರಡನೆಯ ಸಲ ಆಡುವಾಗ ಪಕ್ಕದಲ್ಲಿ ಕೂತು ಪೂರ್ತಿ ನೋಡಿದಳು. ಕಥೆಯ ಕೊನೆಯ ಭಾಗದಲ್ಲಿ ಬಲಿ ಕೊಡಲು ಕಟ್ಟಿಹಾಕಿದ್ದ ಒಬ್ಬ ಹುಡುಗಿಯನ್ನು ಅಣ್ಣತಮ್ಮ ಬಿಡಿಸುತ್ತಾರೆ. ಅವಳು ದಾರಿ ತೋರಿಸುತ್ತ ಜೊತೆಗೆ ಬರುತ್ತಾಳೆ. ಅಣ್ಣನಿಗೆ ಅವಳ ಮೇಲೆ ಮನಸ್ಸಾಗುತ್ತದೆ, ತಮ್ಮನಿಗೆ ಅನುಮಾನ. ಗುಹೆಯೊಳಗೆ ಹೋದ ಮೇಲೆ ಅವಳು ಜೇಡದ ರಾಕ್ಷಸಿ ಎಂದು ಗೊತ್ತಾಗುತ್ತದೆ. ಅವಳ ಕೊನೆಯ ಇರಿತದಿಂದಲೇ ಅಣ್ಣನಿಗೆ ಸಾವು. ಆಪಾ ಹೇಳಿದ್ದಿಷ್ಟು: "ಇಡೀ ಕಥೆಯಲ್ಲಿ ಮುಖ್ಯವಾದ ಹೆಂಗಸರು ಯಾರು? ಒಬ್ಬಳು ಸತ್ತ ತಾಯಿ, ಇನ್ನೊಬ್ಬಳು ಮೋಸ ಮಾಡುವ ಜೇಡ. ಅಷ್ಟು ದೊಡ್ಡ ಲೋಕ ಕಟ್ಟಿದವರಿಗೆ ಬೇರೆ ಹೆಂಗಸು ಹೊಳೆಯಲಿಲ್ಲವಾ?" ದೈತ್ಯರ ಜೋಡಿಯಲ್ಲಿ ಒಬ್ಬಳು ಒಳ್ಳೆಯ ಹೆಣ್ಣು ದೈತ್ಯೆ ಇದ್ದಾಳೆ ಎಂದು ನಾನು ವಾದಿಸಿದೆ. "ಅವಳನ್ನೂ ಇವರು ಪಂಜರದಿಂದ ಬಿಡಿಸಬೇಕಾಯಿತು" ಎಂದಳು. ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಇಷ್ಟವಾದ ಕಥೆಯಲ್ಲೂ ತಪ್ಪು ಇರಬಹುದು ಎಂದು ಒಪ್ಪಿಕೊಳ್ಳುವುದನ್ನು ಆಪಾ ನನಗೆ ಕಲಿಸಿದಳು.

ಮೂರನೆಯದು ಅಭಿಪ್ರಾಯ ಅನ್ನುವುದಕ್ಕಿಂತ ಒಂದು ಪತ್ತೆ. ಈ ಆಟದಲ್ಲಿ ಯಾರ ಮಾತೂ ಅರ್ಥವಾಗುವುದಿಲ್ಲ, ಕೆಳಗೆ ಅಕ್ಷರಗಳೂ ಬರುವುದಿಲ್ಲ. ಅದು ಯಾವ ದೇಶದ್ದೂ ಅಲ್ಲದ, ಆಟಕ್ಕಾಗಿ ಹುಟ್ಟಿಸಿದ ಭಾಷೆ. ಧ್ವನಿ, ಕೈಸನ್ನೆ, ಮುಖ ನೋಡಿ ನಾವೇ ತಿಳಿದುಕೊಳ್ಳಬೇಕು. ಮಾತಿಲ್ಲದ ಆಟ ಬೇಸರ ಎಂದವರೂ ಇದ್ದಾರೆ. ನನಗೆ ಮಾತ್ರ ಆ ಮಾತಿನ ಏರಿಳಿತ ಎಲ್ಲೋ ಕೇಳಿದಂತೆ ಇತ್ತು. ಅರಬಿ ಓದಲು ಕಲಿತ ನಮ್ಮಂಥವರಿಗೆ ‘ಇನ್ನೇನು ಒಂದು ಪದ ಗೊತ್ತಾಗುತ್ತದೆ’ ಅನ್ನಿಸುತ್ತದೆ, ಆದರೆ ಗೊತ್ತಾಗುವುದಿಲ್ಲ. ಸೌದಿಯಲ್ಲಿರುವ ನನ್ನ ಭಾಯಿಗೆ ಫೋನಿನಲ್ಲಿ ಒಂದು ತುಣುಕು ಕೇಳಿಸಿದೆ. ಅವನು ಕೆಲಸ ಮಾಡುವ ಹೋಟೆಲಿನಲ್ಲಿ ಲೆಬನಾನ್ ದೇಶದ ಅಡುಗೆಯವರೊಬ್ಬರಿದ್ದಾರೆ. "ನಮ್ಮ ಉಸ್ತಾದ್ ಬೈಯುವುದು ಹೀಗೇ ಕೇಳಿಸುತ್ತದೆ" ಎಂದು ಭಾಯಿ ನಕ್ಕ.

ಹುಡುಕಿ ನೋಡಿದರೆ ಭಾಯಿ ಹೇಳಿದ್ದು ಸರಿ. ಆಟದ ನಿರ್ದೇಶಕ ಜೋಸೆಫ್ ಫಾರೆಸ್ ಹುಟ್ಟಿದ್ದು 1977ರಲ್ಲಿ, ಲೆಬನಾನಿನ ಬೈರೂತ್‌ನಲ್ಲಿ. ಅಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಹತ್ತನೆಯ ವಯಸ್ಸಿನಲ್ಲಿ ಮನೆಯವರೊಂದಿಗೆ ಸ್ವೀಡನ್ನಿಗೆ ಬಂದವರು. ಆಟದ ಭಾಷೆಯನ್ನು ಅವರು ಲೆಬನಾನಿನ ಅರಬಿಯ ಧಾಟಿಯಲ್ಲೇ ಕಟ್ಟಿದ್ದಾರೆ. ಮೊದಲು ಅವರು ಸಿನಿಮಾ ನಿರ್ದೇಶಕರು. 2000ದಲ್ಲಿ ಬಂದ ‘ಯಲ್ಲಾ ಯಲ್ಲಾ’ ಎಂಬ ಮೊದಲ ಚಿತ್ರದಲ್ಲಿ ಅವರ ಅಣ್ಣ ಫಾರೆಸ್ ಫಾರೆಸ್ ನಟಿಸಿದ್ದಾರೆ. 2005ರ ‘ಝೋಝೋ’ ಯುದ್ಧದ ಬೈರೂತ್‌ನಿಂದ ಸ್ವೀಡನ್ನಿಗೆ ಬರುವ ಒಬ್ಬ ಹುಡುಗನ ಕಥೆ. ‘ಬ್ರದರ್ಸ್’ ಅವರ ಮೊದಲ ಆಟ. 2014ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ಹೊಸತನಕ್ಕೆ ಕೊಡುವ ಪ್ರಶಸ್ತಿ ಇದಕ್ಕೆ ಬಂತು. ಮುಂದೆ ಅವರು ಮಾಡಿದ ‘ಎ ವೇ ಔಟ್’ ಮತ್ತು ‘ಇಟ್ ಟೇಕ್ಸ್ ಟು’ ಆಟಗಳನ್ನು ಒಬ್ಬರೇ ಕೂತು ಆಡಲು ಸಾಧ್ಯವೇ ಇಲ್ಲ, ಇಬ್ಬರು ಬೇಕೇ ಬೇಕು. ಸತ್ತ ದೈತ್ಯರು ರಾಶಿ ಬಿದ್ದಿರುವ ಒಂದು ರಣರಂಗ ‘ಬ್ರದರ್ಸ್’ನಲ್ಲಿ ಬರುತ್ತದೆ. ನದಿಯ ನೀರು ಕೆಂಪಾಗಿದೆ. ಇಬ್ಬರು ಹುಡುಗರು ಮಾತಿಲ್ಲದೆ ಆ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತಾರೆ. ಬೈರೂತ್‌ನ ವಿಷಯ ಓದಿದ ಮೇಲೆ ಆ ಭಾಗವನ್ನು ಮತ್ತೆ ಆಡಿದೆ. ಈ ಸಲ ಅದು ಬರೀ ಅಜ್ಜಿಕಥೆಯಂತೆ ಕಾಣಲಿಲ್ಲ.

ನಾಲ್ಕನೆಯ ಅಭಿಪ್ರಾಯಕ್ಕೆ ಮುಂಚೆ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು.

ನಮ್ಮ ಅಬ್ಬಾ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸಕ್ಕರೆ ಕಾಯಿಲೆ ಹೆಚ್ಚಾಗಿ ಕಾಲಿನ ಗಾಯ ಮಾಯದೆ ಕೆಲಸ ಬಿಟ್ಟರು. ದಿನಕ್ಕೆ ಎರಡು ಸಲ ಇನ್ಸುಲಿನ್ ತೆಗೆದುಕೊಳ್ಳಬೇಕು. ಅವರ ಕಣ್ಣು ಮಂಜಾಗಿದ್ದರಿಂದ ಸಿರಿಂಜಿನ ಗೆರೆ ಕಾಣುವುದಿಲ್ಲ. ಅಮ್ಮಿಗೆ ಸೂಜಿ ಕಂಡರೆ ತಲೆ ಸುತ್ತುತ್ತದೆ. ಹಾಗಾಗಿ ಅದು ಮೊದಲಿನಿಂದಲೂ ಭಾಯಿಯ ಕೆಲಸ. ಬೆಳಿಗ್ಗೆ ಫ್ರಿಜ್‌ನಿಂದ ಸೀಸೆ ತೆಗೆದು ಅಂಗೈಗಳ ನಡುವೆ ಉರುಳಿಸುತ್ತಿದ್ದ. ಗೆರೆ ನೋಡಿ ಎಳೆದು, ಉಗುರಿನಿಂದ ಎರಡು ಸಲ ತಟ್ಟಿ ಗುಳ್ಳೆ ಹೊರಗೆ ಹಾಕುತ್ತಿದ್ದ. ಹೊಕ್ಕುಳಿನಿಂದ ಎರಡು ಬೆರಳು ಬಿಟ್ಟು ಚರ್ಮ ಹಿಡಿಯುತ್ತಿದ್ದ. ಚುಚ್ಚುವ ಆ ಕ್ಷಣಕ್ಕೆ ಸರಿಯಾಗಿ, "ಅಬ್ಬಾ, ನಿನ್ನೆ ರಾಶಿ ಅಡಿಕೆ ಎಷ್ಟಕ್ಕೆ ಹೋಯಿತಂತೆ?" ಎಂದು ಕೇಳುತ್ತಿದ್ದ. ಅಬ್ಬಾ ರೇಟು ಹೇಳಿ ಮುಗಿಸುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು.

ನಾನು ಹತ್ತನೆಯ ತರಗತಿ ಮುಗಿಸಿದ ವರ್ಷ ಭಾಯಿಗೆ ರಿಯಾದ್‌ನಲ್ಲಿ ಕೆಲಸ ಸಿಕ್ಕಿತು. ವೀಸಾ ಬಂದ ದಿನದಿಂದ ದಿನಾ ಬೆಳಿಗ್ಗೆ ನನ್ನನ್ನು ಕರೆಯುತ್ತಿದ್ದ. "ಬಾ ಇಲ್ಲಿ, ಒಂದು ಸಲ ಹಿಡಿದು ನೋಡು." ನಾನು ಹೋಗಲಿಲ್ಲ. ಟ್ಯೂಷನ್ ಇದೆ ಎಂದೆ, ಹಾಲು ತರಬೇಕು ಎಂದೆ, ಒಂದು ದಿನ ನಿದ್ದೆ ಬಂದವನಂತೆ ಮಲಗಿಯೇ ಇದ್ದೆ. ಸೂಜಿಯ ಭಯ ಇತ್ತು, ನಿಜ. ಆದರೆ ಅದಷ್ಟೇ ಅಲ್ಲ. ನಾನು ಕಲಿತುಬಿಟ್ಟರೆ ಅವನು ಹೋಗುವುದು ಖಾತ್ರಿಯಾಗುತ್ತದೆ, ಕಲಿಯದಿದ್ದರೆ ಹೋಗದೆ ಉಳಿದಾನು ಅಂದುಕೊಂಡಿದ್ದೆ. ಈಗ ಬರೆಯುವಾಗ ಇದು ಎಷ್ಟು ದಡ್ಡತನ ಎಂದು ಗೊತ್ತಾಗುತ್ತದೆ. ಬಾಗಿಲ ಪಕ್ಕದಲ್ಲಿ ನಿಂತು ಕದ್ದು ನೋಡುತ್ತಿದ್ದೆ, ಒಳಗೆ ಹೋಗುತ್ತಿರಲಿಲ್ಲ. ಭಾಯಿ ಬೈಯಲಿಲ್ಲ. ಹೊರಡುವ ಹಿಂದಿನ ದಿನ ಪಕ್ಕದ ಬೀದಿಯ ನರ್ಸ್ ಒಬ್ಬರಿಗೆ ಹೇಳಿ, ತಿಂಗಳಿಗೆ ಇಷ್ಟು ಎಂದು ಮಾತಾಡಿ ಹೋದ.

ನರ್ಸ್ ಎರಡು ವಾರ ಬಂದರು. ಒಂದು ಬೆಳಿಗ್ಗೆ ಮಳೆ ಜೋರಾಗಿತ್ತು, ಅವರ ಮಗುವಿಗೆ ಜ್ವರ. ಬರಲಿಲ್ಲ. ಅಬ್ಬಾ ತಿಂಡಿ ತಿನ್ನದೆ ಕುರ್ಚಿಯಲ್ಲಿ ಕೂತಿದ್ದರು. ಅಮ್ಮಿ ನನ್ನನ್ನು ಏನೂ ಕೇಳಲಿಲ್ಲ, ಸುಮ್ಮನೆ ನೋಡಿದರು. ನಾನು ಫ್ರಿಜ್ ತೆಗೆದೆ. ಸೀಸೆಯನ್ನು ಅಂಗೈಯಲ್ಲಿ ಉರುಳಿಸಿದೆ. ಉಗುರಿನಿಂದ ಎರಡು ಸಲ ತಟ್ಟಿದೆ. ಅದುವರೆಗೆ ಒಮ್ಮೆಯೂ ಮಾಡದ ಕೆಲಸವನ್ನು ಕೈ ಹೇಗೋ ಮಾಡುತ್ತಿತ್ತು. ಚುಚ್ಚುವಾಗ ಮಾತ್ರ ಕೈ ನಿಂತುಹೋಯಿತು. ಆಗ ನನ್ನ ಬಾಯಿಂದಲೇ ಬಂತು: "ಅಬ್ಬಾ, ನಿನ್ನೆ ರಾಶಿ ಅಡಿಕೆ ಎಷ್ಟಕ್ಕೆ ಹೋಯಿತಂತೆ?" ಅಬ್ಬಾ ಒಂದು ಕ್ಷಣ ನನ್ನ ಮುಖ ನೋಡಿ ರೇಟು ಹೇಳಿದರು. ಸೂಜಿ ಒಳಗೆ ಹೋಗಿ ಹೊರಗೆ ಬಂತು. ಅಂದಿನಿಂದ ಅದು ನನ್ನ ಕೆಲಸ. ಇದನ್ನು ಯಾರಿಗೂ ವಿಶೇಷವಾಗಿ ಹೇಳಿರಲಿಲ್ಲ. ಹೇಳಲು ಅದರಲ್ಲಿ ಏನಿದೆ ಅಂದುಕೊಂಡಿದ್ದೆ.

ಇದಾಗಿ ಆರೇಳು ತಿಂಗಳ ಮೇಲೆ ಚಾಚಾನ ಮನೆಯಲ್ಲಿ ಈ ಆಟ ಆಡಿದೆ.

ಜೇಡದ ಇರಿತ ತಿಂದ ಅಣ್ಣ ನಡೆಯಲಾರದೆ ಜೀವವೃಕ್ಷದ ಬುಡದಲ್ಲಿ ಕೂತುಬಿಡುತ್ತಾನೆ. ತಮ್ಮ ಒಬ್ಬನೇ ಮರ ಹತ್ತಿ ನೀರು ತರುತ್ತಾನೆ. ಇಳಿದು ಬರುವಷ್ಟರಲ್ಲಿ ಅಣ್ಣ ಇಲ್ಲ. ಇಲ್ಲಿಂದ ಮುಂದೆ ಆಟ ನಮಗೆ ಏನನ್ನೂ ಬಿಟ್ಟುಕೊಡುವುದಿಲ್ಲ. ಅಣ್ಣನ ದೇಹವನ್ನು ಗುಂಡಿಯವರೆಗೆ ನಾವೇ ಎಳೆಯಬೇಕು, ಮಣ್ಣನ್ನು ನಾವೇ ಎಳೆದು ಮುಚ್ಚಬೇಕು. ಬಲಗೈ ಮಾತ್ರ ಕೆಲಸ ಮಾಡುತ್ತದೆ. ಮೂರು ಗಂಟೆ ಒಂದು ನಿಮಿಷ ಬಿಡುವಿಲ್ಲದೆ ದುಡಿದ ಎಡಗೈ ಕಂಟ್ರೋಲರ್ ಹಿಡಿದುಕೊಂಡು ಸುಮ್ಮನೆ ಇರುತ್ತದೆ. ಸ್ಟಿಕ್ ಅಲ್ಲಾಡಿಸಿ ನೋಡಿದೆ. ಏನೂ ಆಗಲಿಲ್ಲ. ಯಾರೋ ಸತ್ತರು ಎಂದು ಸಿನಿಮಾದಲ್ಲಿ ನೋಡಿ ಅತ್ತಿದ್ದೇನೆ. ಕೈಯೊಂದು ಖಾಲಿಯಾಗಿ ಅದರಿಂದ ಗೊತ್ತಾದದ್ದು ಇದೇ ಮೊದಲು.

ತಮ್ಮ ಊರಿಗೆ ಮರಳುತ್ತಾನೆ. ಬಿರುಗಾಳಿ, ಮಳೆ. ಮನೆಗೂ ಅವನಿಗೂ ನಡುವೆ ಹರಿಯುವ ನೀರು. ಇದುವರೆಗೆ ನೀರು ಬಂದಾಗಲೆಲ್ಲ ಅವನು ಅಣ್ಣನ ಬೆನ್ನು ಹಿಡಿದುಕೊಂಡು ದಾಟಿದವನು. ಈಗ ದಡದಲ್ಲಿ ನಿಂತುಬಿಡುತ್ತಾನೆ. ತಮ್ಮನ ಬಟನ್ ಒತ್ತಿದೆ, ಹೋಗಲಿಲ್ಲ. ಸ್ಟಿಕ್ ಎಷ್ಟು ತಳ್ಳಿದರೂ ಹಿಂದೆ ಸರಿಯುತ್ತಾನೆ. ಕೆಟ್ಟುಹೋಗಿದೆಯೋ ಏನೋ ಅಂದುಕೊಂಡೆ. ಆಮೇಲೆ ಯಾಕೋ ಎಡಗೈ ತೋರುಬೆರಳು ತಾನಾಗಿ ಒತ್ತಿತು. ಅಣ್ಣನ ಬಟನ್.

ತಮ್ಮ ನೀರಿಗೆ ಇಳಿದ. ಈಜಿದ.

ಅಲ್ಲಿಂದ ಮುಂದೆ ಅಣ್ಣ ಮಾತ್ರ ಎಳೆಯಬಲ್ಲ ಸನ್ನೆಯೊಂದು ಬರುತ್ತದೆ. ಅದನ್ನೂ ಅದೇ ಬಟನ್ ಒತ್ತಿ ತಮ್ಮ ಎಳೆಯುತ್ತಾನೆ. ಅಪ್ಪ ಬದುಕುತ್ತಾನೆ. ಕೊನೆಯ ದೃಶ್ಯದಲ್ಲಿ ಎರಡು ಸಮಾಧಿಗಳ ಮುಂದೆ ಅಪ್ಪ ಅಳುತ್ತಾನೆ, ತಮ್ಮ ಪಕ್ಕದಲ್ಲಿ ನಿಂತಿದ್ದಾನೆ. ನಾನು ಕಂಟ್ರೋಲರ್ ಕೆಳಗಿಟ್ಟು ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಆ ಮಳೆಯ ಬೆಳಿಗ್ಗೆ ನನ್ನ ಕೈಗೆ ಏನಾಗಿತ್ತು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಈಗ ನಾಲ್ಕನೆಯ ಅಭಿಪ್ರಾಯ. ಚಾಚಾನ ಮಗ ಈ ಆಟವನ್ನು ನನಗಿಂತ ಮೊದಲೇ ಇನ್ನೊಬ್ಬ ಗೆಳೆಯನೊಂದಿಗೆ ಸೇರಿ, ಒಂದೇ ಕಂಟ್ರೋಲರ್ ಹಂಚಿಕೊಂಡು ಆಡಿದ್ದ. ಎಡಭಾಗ ಗೆಳೆಯನದು, ಬಲಭಾಗ ಇವನದು. ಹೀಗೆ ಹಂಚಿಕೊಂಡು ಆಡುವವರು ಬಹಳ ಮಂದಿ. 2019ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಆವೃತ್ತಿಯಲ್ಲಿ ಇಬ್ಬರು ಆಡುವ ವ್ಯವಸ್ಥೆಯನ್ನೇ ಸೇರಿಸಿದ್ದಾರೆ. ಇದು ಒಬ್ಬರೇ ಆಡಬೇಕಾದ ಆಟ, ಇಬ್ಬರಾದರೆ ಅದರ ಜೀವವೇ ಹೋಗುತ್ತದೆ ಎಂದು ವಾದಿಸುವವರೂ ಅಷ್ಟೇ ಮಂದಿ. ನಾನೂ ಆ ಪಕ್ಷದವನು. ಚಾಚಾನ ಮಗ ಒಪ್ಪುವುದಿಲ್ಲ. ಅವರು ಆಡುವಾಗ ಅಣ್ಣ ಸತ್ತ ಕೂಡಲೇ ಆ ಗೆಳೆಯ "ನನ್ನ ಪಾತ್ರ ಮುಗಿಯಿತು" ಎಂದು ಎದ್ದು ಚಹಾ ಕುಡಿಯಲು ಅಡುಗೆಮನೆಗೆ ಹೋದನಂತೆ. ಇವನು ನೀರಿನ ದಡದಲ್ಲಿ ಕಾಲು ಗಂಟೆ ಒದ್ದಾಡಿದ. ಏನು ಮಾಡಿದರೂ ತಮ್ಮ ಇಳಿಯುತ್ತಿಲ್ಲ. ಕೊನೆಗೆ ಬೇಸತ್ತು, "ಏ, ಇಲ್ಲಿ ಬಾರೋ, ನೀನು ಒಂದು ಸಲ ಒತ್ತಿ ನೋಡು" ಎಂದು ಕೂಗಿದ. ಗೆಳೆಯ ಒಂದು ಕೈಯಲ್ಲಿ ಲೋಟ ಹಿಡಿದುಕೊಂಡೇ ಬಂದು ಇನ್ನೊಂದು ಕೈಯಿಂದ ಒತ್ತಿದ. ತಮ್ಮ ಈಜಿದ. ಇಬ್ಬರೂ ಮಾತಾಡಲಿಲ್ಲವಂತೆ. "ನಿನ್ನದು ಬರೀ ಬೆರಳು. ನಮ್ಮದರಲ್ಲಿ ನಿಜವಾಗಿಯೂ ಒಬ್ಬನನ್ನು ಕರೆಯಬೇಕಾಯಿತು" ಎಂದು ಚಾಚಾನ ಮಗ ಈಗಲೂ ವಾದ ಮಾಡುತ್ತಾನೆ. ಬಹುಶಃ ಅವನೇ ಸರಿ ಇರಬಹುದು.

2024ರಲ್ಲಿ ಈ ಆಟವನ್ನು ಹೊಸ ಚಿತ್ರಗಳೊಂದಿಗೆ ಮತ್ತೆ ಮಾಡಿ ಬಿಟ್ಟಿದ್ದಾರೆ. ಹಳೆಯದು ಚೆನ್ನವೋ ಹೊಸದು ಚೆನ್ನವೋ ಎಂದು ಅದರ ಮೇಲೂ ಜಗಳ ನಡೆಯುತ್ತಿದೆ. ನನಗೆ ಹಳೆಯದೇ ಸಾಕು. ಕಾಮರ್ಸ್ ಗೆಳೆಯನ ಲೆಕ್ಕಕ್ಕೂ ಈಗ ನನ್ನ ಹತ್ತಿರ ಒಂದು ಉತ್ತರ ಇದೆ. ಎಡಗೈಗೆ ಅಣ್ಣನ ಅಭ್ಯಾಸ ಹಿಡಿಯಲು ಒಂದು ಗಂಟೆ ಬೇಕು, ಅದು ಹೋದಾಗ ನೋಯುವಷ್ಟು ಅಭ್ಯಾಸವಾಗಲು ಇನ್ನೆರಡು ಗಂಟೆ ಬೇಕು. ಐವತ್ತು ಗಂಟೆ ಮಾಡಿದ್ದರೆ ಇದಕ್ಕಿಂತ ಹೆಚ್ಚೇನೂ ಸಿಗುತ್ತಿರಲಿಲ್ಲ.

ನನ್ನ ಭಾಯಿ ದೇವರ ದಯೆಯಿಂದ ಚೆನ್ನಾಗಿದ್ದಾನೆ, ಶುಕ್ರವಾರ ರಜೆ ಇದ್ದಾಗ ಫೋನ್ ಮಾಡುತ್ತಾನೆ. ಹೋದ ವಾರ ವಿಡಿಯೊ ಕರೆಯಲ್ಲಿ ಇರುವಾಗಲೇ ಅಬ್ಬಾಗೆ ಇಂಜೆಕ್ಷನ್ ಹೊತ್ತಾಯಿತು. ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟು ಕೆಲಸ ಶುರು ಮಾಡಿದೆ. ಭಾಯಿ ನೋಡುತ್ತಿದ್ದ. ನಾನು ಅಡಿಕೆ ರೇಟು ಕೇಳಿದೆ, ಅಬ್ಬಾ ಹೇಳಿದರು, ಸೂಜಿ ಹೊರಗೆ ಬಂತು. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ಫೋನ್ ಎತ್ತಿಕೊಂಡೆ.

"ಹಾಜರಿದ್ದೇನೆ" ಎಂದ ಭಾಯಿ. "ಸಿರಿಂಜ್ ಸ್ವಲ್ಪ ಓರೆಯಾಗಿ ಹಿಡಿಯುತ್ತೀಯ. ಬಂದಾಗ ಹೇಳಿಕೊಡುತ್ತೇನೆ."

"ಬಾ" ಎಂದೆ. "ಈ ಸಲ ಕಲಿಯುತ್ತೇನೆ."